ಮೂರು ವರ್ಷ ಚಂದಾ ಕಟ್ಟಿ ಒಬ್ಬ ಸಿಪಾಯಿ ಅಜ್ಜನನ್ನು ಹುಡುಕಿದ ಕಥೆ

ನನ್ನ ಗಂಡ ಅಮೆರಿಕದವರು. ಅವರ ತಾಯಿಯ ಕಡೆ ಆರು ತಲೆಮಾರಿನ ಹಿಂದಿನ ಅಜ್ಜನೊಬ್ಬ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಜಾರ್ಜ್ ವಾಷಿಂಗ್ಟನ್ ಸೈನ್ಯದ ಕ್ಯಾಪ್ಟನ್ ಆಗಿದ್ದನಂತೆ. ನಾನು ಸೊಸೆಯಾಗಿ ಹೋದಾಗಿನಿಂದ ಅತ್ತೆ ಹೇಳುವ ಕಥೆ ಇದು. ನಿಜಾನಾ ನೋಡೋಣ ಅಂತ ಒಂದು ವಂಶಾವಳಿ ವೆಬ್‌ಸೈಟಿಗೆ ಚಂದಾ ಕಟ್ಟಿದೆ. ಅದರ ಹೆಸರು ಬೇಡ ಬಿಡಿ.

ಧಾರವಾಡದ ಕಡೆ ನಮ್ಮೂರಿಗೆ ಹೆಳವರು ಎತ್ತಿನ ಮೇಲೆ ಬರುತ್ತಿದ್ದರು. ಅಂಗಳದಲ್ಲಿ ಮುತ್ತಜ್ಜಂದಿರ ಹೆಸರೆಲ್ಲ ಹೇಳಿ, ಮೊರದ ತುಂಬ ಜೋಳ ಹಾಕಿಸಿಕೊಂಡು ಹೋಗುತ್ತಿದ್ದರು. ಈ ವೆಬ್‌ಸೈಟಿನದೂ ಅದೇ ಕೆಲಸ, ಜೋಳದ ಬದಲು ಡಾಲರ್. ಆದರೆ ಹೆಳವ ಪಕ್ಕದ ಮನೆಯ ಅಜ್ಜನನ್ನು ತಂದು ನಮ್ಮ ಮನೆಗೆ ಹಚ್ಚುತ್ತಿರಲಿಲ್ಲ. ಇದು ಹಚ್ಚಿತು.

ಮ್ಯಾಸಚೂಸೆಟ್ಸ್‌ನ ವೂಸ್ಟರ್ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಒಂದೇ ಹೆಸರಿನವರು ಇಬ್ಬರಿದ್ದರು. ಒಬ್ಬ ಕ್ಯಾಪ್ಟನ್, ಇನ್ನೊಬ್ಬ ರೈತ. ವೆಬ್‌ಸೈಟ್ ಕೊಟ್ಟ ಸುಳಿವೆಲ್ಲ ಕ್ಯಾಪ್ಟನ್ ಕಡೆಗೇ. ಬೇರೆ ಬಳಕೆದಾರರ ವಂಶವೃಕ್ಷಗಳೂ ಅದನ್ನೇ ಹೇಳುತ್ತಿದ್ದವು. ಒಬ್ಬರನ್ನೊಬ್ಬರು ನೋಡಿ ಕಾಪಿ ಹೊಡೆದಿದ್ದಾರೆ ಅಂತ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಒಂದರಲ್ಲಂತೂ ಮಗ ಹುಟ್ಟಿದಾಗ ತಾಯಿಗೆ ಏಳು ವರ್ಷ!

1790ರ ಜನಗಣತಿ ನೋಡಿದರೆ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ತಲೆಲೆಕ್ಕ. ಸೈನ್ಯದ ಕಾಗದ ನೋಡೋಣ ಅಂದರೆ 1800ರ ನವೆಂಬರ್‌ನಲ್ಲಿ ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು ಬಹಳಷ್ಟು ಸುಟ್ಟುಹೋಗಿದೆ. ಉಳಿದದ್ದು ಪಿಂಚಣಿ ಅರ್ಜಿಗಳು. ಸುಮಾರು 80,000 ಕಡತಗಳಿವೆ. ಕಡತದ ಸಂಖ್ಯೆಯ ಮುಂದೆ ಒಂದು ಅಕ್ಷರ ಇರುತ್ತದೆ: ಎಸ್ ಅಂದರೆ ಬದುಕಿದ್ದ ಸೈನಿಕ, ಡಬ್ಲ್ಯೂ ಅಂದರೆ ವಿಧವೆ, ಆರ್ ಅಂದರೆ ತಿರಸ್ಕೃತ. ತಿರಸ್ಕೃತ ಅಂದಮೇಲೆ ಸುಳ್ಳು ಹೇಳಿದವರೇ ಇರಬೇಕು ಅಂದುಕೊಂಡು ನಾನು ಆರ್ ಕಡತಗಳನ್ನು ತೆರೆಯಲೇ ಇಲ್ಲ. ದಡ್ಡತನ.

ನಮ್ಮಜ್ಜ ಅಲ್ಲೇ ಇದ್ದ. 1832ರ ಕಾನೂನಿನ ಪ್ರಕಾರ ಪಿಂಚಣಿಗೆ ಕನಿಷ್ಠ ಆರು ತಿಂಗಳ ಸೇವೆ ಬೇಕು. ಇವನದು ನಾಲ್ಕು ತಿಂಗಳು ಚಿಲ್ಲರೆ, ಅದೂ ಮಿಲಿಷಿಯಾದಲ್ಲಿ, ಅಂದರೆ ಊರ ಜನರೇ ಸೇರಿದ ಪಡೆಯಲ್ಲಿ, ಸಾಮಾನ್ಯ ಸಿಪಾಯಿ. ಕೋರ್ಟಿನಲ್ಲಿ ಮುದುಕ ಹೇಳಿದ್ದನ್ನು ಗುಮಾಸ್ತ ಬರೆದುಕೊಂಡಿದ್ದಾನೆ. ತಿಂಗಳು ನೆನಪಿಲ್ಲ, ರೈ ಎಂಬ ಧಾನ್ಯದ ಕೊಯ್ಲು ನಡೆದಿತ್ತು. ಬಿಡುಗಡೆ ಪತ್ರ ಕಳೆದುಹೋಗಿದೆ. ಯುದ್ಧ ಮುಗಿದ ಮೇಲೆ ಎಲ್ಲಿ ವಾಸ ಅಂದರೆ ವರ್ಮಾಂಟ್ ರಾಜ್ಯ. ಅಲ್ಲಿಗೆ ನನ್ನ ಗೊಂದಲ ತೀರಿತು, ಇಬ್ಬರೂ ಬೇರೆ ಬೇರೆ: ಕ್ಯಾಪ್ಟನ್ ಸತ್ತದ್ದು ವೂಸ್ಟರ್‌ನಲ್ಲೇ. ಕೆಳಗೆ ಸಹಿಯಿಲ್ಲ, ನಡುಗುವ ಕೈಯಲ್ಲಿ ಎಳೆದ ಒಂದು ಇಂಟು ಗುರುತು. ಶಾಯಿ ಒಂದು ಕಡೆ ಚೆಲ್ಲಿದೆ. ಅದನ್ನು ಜೂಮ್ ಮಾಡಿ ಎಷ್ಟು ಹೊತ್ತು ನೋಡಿದೆನೋ.

ಚಂದಾ ಕಟ್ಟಿದ ವೆಬ್‌ಸೈಟಿನಲ್ಲಿ ಅರ್ಜಿಯ ಚಿತ್ರಗಳು ಬೇಗ ತೆರೆಯುತ್ತವೆ, ಹುಡುಕಾಟ ಚೆನ್ನಾಗಿದೆ. ಆದರೆ ಚಂದಾ ತಾನಾಗಿಯೇ ನವೀಕರಣವಾಗಿ ಒಂದು ವರ್ಷದ ದುಡ್ಡು ಸುಮ್ನೆ ಹೋಯಿತು, ವಾಪಸ್ ಬರಲಿಲ್ಲ. ಇದೇ ಪಿಂಚಣಿ ಕಡತಗಳು ಅಮೆರಿಕದ ನ್ಯಾಷನಲ್ ಆರ್ಕೈವ್ಸ್ ಕ್ಯಾಟಲಾಗ್‌ನಲ್ಲಿ ಪುಕ್ಕಟೆ ಸಿಗುತ್ತವೆ ಅಂತ ಆಮೇಲೆ ಗೊತ್ತಾಯಿತು. ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ವೆಬ್‌ಸೈಟ್ ಕೂಡ ಉಚಿತ, ಖಾತೆ ತೆರೆದರೆ ಸಾಕು. ಹೊಸಬರು ಮೊದಲು ಅವನ್ನು ನೋಡಿ. ನನ್ನ ಲೆಕ್ಕದಲ್ಲಿ ಈ ಚಂದಾ ವೆಬ್‌ಸೈಟಿಗೆ ಐದರಲ್ಲಿ ಮೂರು ಅಂಕ.

"ಕ್ಯಾಪ್ಟನ್ ಅಲ್ವಾ?" ಅಂತ ಅತ್ತೆಗೆ ಸ್ವಲ್ಪ ಬೇಜಾರಾಯಿತು. ಆಮೇಲೆ ಆ ಇಂಟು ಗುರುತಿನ ಪುಟಕ್ಕೆ ಫ್ರೇಮ್ ಹಾಕಿಸಿದರು. ತಪ್ಪು ವಂಶವೃಕ್ಷ ಹಾಕಿದವರಿಗೆಲ್ಲ ಕಡತದ ಸಮೇತ ಸಂದೇಶ ಕಳಿಸಿದೆ. ಇಬ್ಬರು ಉತ್ತರ ಕೊಟ್ಟರು, ಒಬ್ಬರು ತಿದ್ದಿದರು. ಉಳಿದ ಕಡೆ ಅವನಿನ್ನೂ ಕ್ಯಾಪ್ಟನ್ನೇ.