ಹೆಡ್‌ಸೆಟ್ಟೋ ಮೊಬೈಲೋ: ಅನಾಟಮಿ ಓದಿಗೆ ಎರಡನ್ನೂ ಬಳಸಿ ನೋಡಿದ ಮೇಲೆ

22 ಸಾವಿರ ಕೊಟ್ಟು ತಂದ ಸೆಕೆಂಡ್ ಹ್ಯಾಂಡ್ ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಮೂರು ಆಯಾಮದ ಕೃತಕ ಲೋಕ ತೋರಿಸುವ ಸಾಧನ) ಈಗ ಊರಿನ ಮನೆಯ ಬೀರುವಿನಲ್ಲಿದೆ. ಫಸ್ಟ್ ಇಯರ್ ಅನಾಟಮಿ (ದೇಹರಚನೆಯ ವಿಷಯ) ನಾನು ಪಾಸಾದದ್ದು ಮೊಬೈಲಿನ ಎಆರ್ ಆ್ಯಪ್ ನೆಚ್ಚಿಕೊಂಡು; ಕ್ಯಾಮೆರಾದಲ್ಲಿ ಕಾಣುವ ಮೇಜಿನ ಮೇಲೆ ಮಾದರಿ ಇಟ್ಟಂತೆ ತೋರಿಸುವ ಆ್ಯಪ್ ಅದು. ಹಾಸನದಲ್ಲಿ ಎಂಬಿಬಿಎಸ್‌ಗೆ ಸೇರಿದ ಜೂನಿಯರ್‌ಗಳು ಯಾವುದು ತಗೊಳ್ಳಲಿ ಎಂದು ಕೇಳುತ್ತಲೇ ಇರುವುದರಿಂದ ಬರೆಯುತ್ತಿದ್ದೇನೆ.

ಹೆಡ್‌ಸೆಟ್ ಗೆದ್ದದ್ದು ಟೆರಿಗೊಪ್ಯಾಲಟೈನ್ ಫಾಸಾದಲ್ಲಿ, ಅಂದರೆ ಮುಖದ ಮೂಳೆಗಳ ಹಿಂದಿನ ಒಂದು ಪುಟ್ಟ ಕುಳಿಯಲ್ಲಿ. ಎಷ್ಟು ಓದಿದರೂ ತಲೆಗೆ ಹತ್ತದ ಜಾಗ ಅದು. ವಿಆರ್‌ನಲ್ಲಿ ಮ್ಯಾಕ್ಸಿಲಾ ಎಂಬ ಮೇಲ್ದವಡೆ ಮೂಳೆಯ ಹಿಂದಿನ ಆ ಸಂದಿಯೊಳಗೇ ಹೋಗಿ ನಿಂತೆ. ಹಿಂದೆ ಫೊರಾಮೆನ್ ರೊಟಂಡಮ್ ಎಂಬ ಮೂಳೆಯ ರಂಧ್ರದಿಂದ ಮ್ಯಾಕ್ಸಿಲರಿ ನರ ಬರುತ್ತಿದೆ, ಪಕ್ಕದಲ್ಲಿ ಮೂಗಿಗೆ ತೆರೆಯುವ ಸ್ಫೀನೊಪ್ಯಾಲಟೈನ್ ಫೊರಾಮೆನ್. ಹತ್ತು ನಿಮಿಷ ನೋಡಿದ್ದು ಇವತ್ತಿಗೂ ಮರೆತಿಲ್ಲ. ಮೊಬೈಲಿನಲ್ಲಿ ಈ ಆಳ ಸಿಗದು.

ತೊಡಕು ಶುರುವಾದದ್ದು ಜುಲೈನಲ್ಲಿ, ಓದಲು ಸಕಲೇಶಪುರದ ಹತ್ತಿರದ ನಮ್ಮೂರಿಗೆ ಹೋದಾಗ. ಅಲ್ಲಿ ಮರ ಬಿದ್ದು ಲೈನ್ ಹರಿದರೆ ಎರಡು ದಿನ ಕರೆಂಟಿಲ್ಲ. ಬ್ಯಾಟರಿ ತುಂಬಿಸಿಕೊಂಡಿದ್ದೇನಲ್ಲ ಎಂಬ ಧೈರ್ಯ ನನ್ನದು. ಸಂಜೆ ಹಾಕಿಕೊಂಡರೆ ಟ್ರ್ಯಾಕಿಂಗ್ ಹೋಗಿದೆ ಎಂಬ ಸಂದೇಶ. ಇಂಥ ಹೆಡ್‌ಸೆಟ್ ನಾವು ಎಲ್ಲಿದ್ದೇವೆಂದು ತಿಳಿಯುವುದು ಹೊರಮೈಯ ಕ್ಯಾಮೆರಾಗಳಿಂದ. ಗೋಡೆಯ ಮೂಲೆ, ಬಾಗಿಲು, ಮೇಜಿನ ಅಂಚು ಅವಕ್ಕೆ ಕಾಣಬೇಕು. ಕತ್ತಲಲ್ಲಿ ಏನು ಕಂಡೀತು?

ಅಮ್ಮ ಎರಡು ಮೇಣದಬತ್ತಿ ಹಚ್ಚಿಟ್ಟರು. ಅದೂ ಸಾಲದೆ ಹೃದಯದ ಮಾದರಿ ಕಣ್ಣೆದುರೇ ತೇಲಾಡಿತು, ಐದು ನಿಮಿಷಕ್ಕೆ ನನಗೆ ತಲೆಸುತ್ತು. ಹಗಲಲ್ಲೂ ಮೋಡ ಕವಿದು ಒಳಮನೆ ಕತ್ತಲೇ. ಜಗಲಿಗೆ ಬಂದರೆ ಎರಚಲು. ಆ ಥಂಡಿಯಲ್ಲಿ ಮುಖದ ಶಾಖಕ್ಕೆ ನನ್ನ ಕನ್ನಡಕವೂ ಹೆಡ್‌ಸೆಟ್ಟಿನ ಗಾಜೂ ಮಂಜಾಗುತ್ತಿದ್ದವು. ಬಿಚ್ಚು, ಒರೆಸು, ಮತ್ತೆ ಹಾಕು. ಒಂದು ವಾರದ ಓದು ಹೀಗೇ ಹೋಯಿತು. ಅವತ್ತು ಅತ್ತಿದ್ದೇನೆ.

ಎಆರ್‌ಗೂ ಬೆಳಕು ಬೇಕು. ಅದು ಮೇಜನ್ನು ಗುರುತಿಸುವುದೂ ಕ್ಯಾಮೆರಾದಿಂದಲೇ. ಆದರೆ ಕತ್ತಲಾದರೆ ಎಆರ್ ಮುಚ್ಚಿ, ಅದೇ ಮಾದರಿಯನ್ನು ಸ್ಕ್ರೀನಿನಲ್ಲಿ ಬೆರಳಿಂದ ತಿರುಗಿಸಿ ಓದಬಹುದು. ನಾನು ಬಳಸಿದ್ದು ವಿಸಿಬಲ್ ಬಾಡಿಯವರ ಹ್ಯೂಮನ್ ಅನಾಟಮಿ ಅಟ್ಲಾಸ್. ಹಾಸ್ಟೆಲಿನಲ್ಲಿ ನಾಲ್ವರು ಒಂದೇ ಮೇಜಿನ ಸುತ್ತ ಕೂತು, ಸಿ5ರಿಂದ ಟಿ1ವರೆಗಿನ ಬೆನ್ನುಹುರಿ ನರಗಳ ಬೇರುಗಳನ್ನು ಒಬ್ಬೊಬ್ಬರಾಗಿ ಹೇಳುತ್ತಾ ಬ್ರೇಕಿಯಲ್ ಪ್ಲೆಕ್ಸಸ್ (ತೋಳಿಗೆ ಹೋಗುವ ನರಗಳ ಜಾಲ) ಮುಗಿಸಿದೆವು. ಹೆಡ್‌ಸೆಟ್ ಆಗಿದ್ದರೆ ಒಬ್ಬರು ಒಳಗೆ, ಮೂವರು ಕಾಯುತ್ತಾ ಹೊರಗೆ.

ಗೆಳತಿಯ ಹೊಟ್ಟೆಯ ಮೇಲೆ ಎಆರ್ ಇಟ್ಟು ಮ್ಯಾಕ್‌ಬರ್ನಿ ಪಾಯಿಂಟ್ (ಅಪೆಂಡಿಕ್ಸ್ ನೋವಿಗೆ ಒತ್ತಿ ನೋಡುವ, ಹೊಟ್ಟೆಯ ಬಲ ಕೆಳಭಾಗದ ಜಾಗ) ಕಲಿಯಲು ಮಾತ್ರ ಹೋಗಬೇಡಿ, ಮಾದರಿ ಸರಿದುಬಿಡುತ್ತದೆ. ಅದನ್ನು ಬೆರಳಿಟ್ಟೇ ಕಲಿಯಬೇಕು.

ಎರಡರಲ್ಲೂ ನರ ಹಳದಿ, ಅಪಧಮನಿ ಕೆಂಪು. ಶವ ಬಿಡಿಸಿ ಕಲಿಯುವ ಡಿಸೆಕ್ಷನ್ ಹಾಲಿನಲ್ಲಿ ಎಲ್ಲವೂ ಒಂದೇ ಬೂದುಗಂದು. ಅಲ್ಲಿ ಫೋರ್ಸೆಪ್ಸ್ ಹಿಡಿದು ತಾವೇ ಬಿಡಿಸದವರಿಗೆ ಇವೆರಡರಿಂದಲೂ ಪ್ರಯೋಜನವಿಲ್ಲ.

ಪೇಟೆಯಲ್ಲಿ ಮನೆ, ಯುಪಿಎಸ್ ಇದೆ, ಕನ್ನಡಕವಿಲ್ಲ, ಒಬ್ಬರೇ ಓದುವ ರೂಢಿ ಎನ್ನುವವರು ಹೆಡ್‌ಸೆಟ್ ತಗೊಳ್ಳಿ. ನನ್ನ ಹಾಗೆ ಗುಂಪಿನಲ್ಲಿ ಓದಿ, ರಜೆಗೆ ಮಲೆನಾಡಿಗೆ ಹೋಗುವವರಿಗೆ ಮೊಬೈಲೇ ಸರಿ. ಹೆಡ್‌ಸೆಟ್ಟಿಗೆ ಹಾಕಿದ್ದು ಅಪ್ಪ ಕಾಫಿ ಮಾರಿ ಕೊಟ್ಟ ದುಡ್ಡು. ಈಗಲಾಗಿದ್ದರೆ ಆ್ಯಪ್ ಹಾಕಿಕೊಂಡು, ಉಳಿದದ್ದರಲ್ಲಿ ಸೀನಿಯರ್‌ಗಳ ಹತ್ತಿರ ಒಂದು ಒಳ್ಳೆಯ ಬೋನ್ ಸೆಟ್ (ಓದಲು ಬಳಸುವ ಮೂಳೆಗಳ ಸೆಟ್) ಕೊಳ್ಳುತ್ತಿದ್ದೆ.