ಎಡಿನ್‌ಬರಾ, ಗ್ಲಾಸ್ಗೋ: ಎರಡು ಶನಿವಾರ, ಅದೇ ಒದ್ದೆ ಶೂ

ಸ್ಕಾಟ್ಲೆಂಡಿನ ಡಂಡೀಯಲ್ಲಿ ಓದುವವರಿಗೆ ಶನಿವಾರ ಬಂತೆಂದರೆ ಎರಡು ಊರು ಕಣ್ಣ ಮುಂದೆ ಬರುತ್ತವೆ. ಒಂದು ಎಡಿನ್‌ಬರಾ, ಇನ್ನೊಂದು ಗ್ಲಾಸ್ಗೋ. ಎರಡಕ್ಕೂ ರೈಲಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ ಸಾಕು. ಯುವಜನರ ರೈಲ್‌ಕಾರ್ಡ್ ಇದ್ದರೆ ಟಿಕೆಟ್‌ನಲ್ಲಿ ಮೂರರಲ್ಲೊಂದು ಪಾಲು ಉಳಿಯುತ್ತದೆ. 2023ರ ನವೆಂಬರ್‌ನಲ್ಲಿ ನಾವು ನಾಲ್ವರು ಎರಡು ವಾರದ ಅಂತರದಲ್ಲಿ ಎರಡೂ ಊರಿಗೆ ಹೋಗಿ ಬಂದೆವು. ನಾನು ತೀರ್ಥಹಳ್ಳಿ ಕಡೆಯವನು. ಜೊತೆಗೆ ಒಬ್ಬಳು ಧಾರವಾಡದವಳು, ಒಬ್ಬ ಕೊಚ್ಚಿಯವನು, ಇನ್ನೊಬ್ಬ ನೈಜೀರಿಯಾದ ಲೇಗೋಸ್‌ನವನು. ಎರಡೂ ಸಲ ಮಳೆ. ಹಾಗಾಗಿ ಈ ಹೋಲಿಕೆ ಮಳೆಯಲ್ಲಿ ಯಾವ ಊರು ವಾಸಿ ಅನ್ನುವುದರದ್ದು ಮಾತ್ರ. ಬಿಸಿಲಿನ ಮಾತು ಬೇರೆ.

ಲೆಕ್ಕ ನೋಡಿದರೆ ಎಡಿನ್‌ಬರಾವೇ ಗೆಲ್ಲಬೇಕು. ಅಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಗ್ಲಾಸ್ಗೋದಲ್ಲಿ 1,100 ದಾಟುತ್ತದೆ. ಅಟ್ಲಾಂಟಿಕ್‌ನಿಂದ ಬರುವ ಮೋಡ ಪಶ್ಚಿಮದ ಗುಡ್ಡಗಳಿಗೆ ತಾಗಿ ಅಲ್ಲೇ ಸುರಿಯುತ್ತದೆ, ಪೂರ್ವಕ್ಕೆ ಹೋಗುವುದು ಉಳಿದದ್ದು. ನಮ್ಮ ಘಟ್ಟದ ಲೆಕ್ಕವೇ. ಗ್ಲಾಸ್ಗೋ ಅಂದರೆ ಆಗುಂಬೆ, ಎಡಿನ್‌ಬರಾ ಅಂದರೆ ಶಿವಮೊಗ್ಗ ಅಂದುಕೊಳ್ಳಿ. ಹಾಗಂತ ಆಗುಂಬೆಯವರು ಕೇಳಿದರೆ ನಕ್ಕಾರು. ಅವರಿಗೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಬೀಳುತ್ತದೆ.

ಆ ಲೆಕ್ಕ ನಂಬಿಕೊಂಡೇ ಮೊದಲು ಎಡಿನ್‌ಬರಾಕ್ಕೆ ಹೊರಟದ್ದು.

ದಾರಿಗೆ ಪೂರ್ತಿ ಅಂಕ ಕೊಡಬೇಕು. ಡಂಡೀ ಬಿಟ್ಟ ಕೂಡಲೇ ಟೇ ನದಿಯ ಸೇತುವೆ. ಆಮೇಲೆ ಫೋರ್ತ್ ಸೇತುವೆ. 1890ರಲ್ಲಿ ಕಟ್ಟಿ ಮುಗಿಸಿದ ಕೆಂಪು ಉಕ್ಕಿನ ರಾಶಿ ಅದು. ಕೆಳಗೆ ಸಮುದ್ರ ಎಲ್ಲಿ ಮುಗಿಯಿತು, ಮೋಡ ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ಗ್ಲಾಸ್ಗೋ ದಾರಿಯಲ್ಲಿ ಪರ್ತ್, ಸ್ಟರ್ಲಿಂಗ್ ಬರುತ್ತವೆ. ನಾವು ನಿದ್ದೆ ಮಾಡಿದೆವು.

ಎಡಿನ್‌ಬರಾದ ವೇವರ್ಲಿ ನಿಲ್ದಾಣ ಇರುವುದು ತಗ್ಗಿನಲ್ಲಿ. ಅಲ್ಲಿಂದ ಪ್ರಿನ್ಸಸ್ ಸ್ಟ್ರೀಟಿಗೆ ಮೆಟ್ಟಿಲು ಹತ್ತಬೇಕು. ಹತ್ತುವಾಗ ಗಾಳಿ ಮೇಲಿನಿಂದ ದಬ್ಬುತ್ತದೆ. ಅರ್ಧ ಮೆಟ್ಟಿಲಲ್ಲಿ ನನ್ನ ಛತ್ರಿ ಉಲ್ಟಾ ಆಯಿತು. ಸರಿ ಮಾಡಿದೆ. ಎರಡನೇ ಸಲಕ್ಕೆ ಒಂದು ಕಡ್ಡಿ ಮುರಿಯಿತು, ಮೂರನೇ ಸಲಕ್ಕೆ ಬಟ್ಟೆ ಕಿತ್ತು ಬಾವುಟದ ಹಾಗೆ ಹಾರತೊಡಗಿತು. ಮೇಲೆ ಕಸದ ತೊಟ್ಟಿ ನೋಡಿದರೆ ಅದರಲ್ಲಿ ಆಗಲೇ ಇನ್ನೂ ನಾಲ್ಕು ಛತ್ರಿಯ ಅಸ್ಥಿಪಂಜರ. ನನ್ನದು ಐದನೆಯದು.

ಮಲೆನಾಡಿನಲ್ಲಿ ಹುಟ್ಟಿದವನಿಗೆ ಮಳೆ ಹೊಸದೇನಲ್ಲ ಅನ್ನುವ ಜಂಭ ಇತ್ತು ನನಗೆ. ಆದರೆ ನಮ್ಮಲ್ಲಿ ಮಳೆ ಮೇಲಿನಿಂದ ಬೀಳುತ್ತದೆ. ಎರಚಲು ಹೊಡೆದರೆ ಜಗಲಿಯಿಂದ ಒಳಗೆ ಹೋದರಾಯಿತು. ಎಡಿನ್‌ಬರಾದಲ್ಲಿ ಎಲ್ಲವೂ ಎರಚಲೇ. ಧಾರವಾಡದವಳು ಹೇಳಿದ್ದು ಸರಿಯಾಗಿತ್ತು: "ಏನ್ ಮಳೀಪಾ ಇದು, ತಲಿ ಬಿಟ್ಟು ಬರೇ ಮಾರಿಗೇ ಹೊಡೀತೈತಿ!"

ಈ ಊರಿನ ಚಂದವೆಲ್ಲ ಹೊರಗಿದೆ. ಬಂಡೆಯ ಮೇಲಿನ ಕೋಟೆ, ಕಲ್ಲು ಹಾಸಿದ ರಾಯಲ್ ಮೈಲ್ ಬೀದಿ, ಅದರ ಎರಡೂ ಬದಿಗೆ ಇಳಿಯುವ ಕಿರಿದಾದ ಓಣಿಗಳು, 251 ಮೀಟರ್ ಎತ್ತರದ ಆರ್ಥರ್ಸ್ ಸೀಟ್ ಗುಡ್ಡ. ಪ್ರಿನ್ಸಸ್ ಸ್ಟ್ರೀಟಿನಲ್ಲಿ ನಿಂತು ಕೋಟೆ ಎಲ್ಲಿ ಅಂತ ಹುಡುಕಿದೆವು. ಬರೀ ಬೂದು ಬಣ್ಣ. ಅಷ್ಟರಲ್ಲಿ ಆ ಬೂದು ಬಣ್ಣದೊಳಗಿಂದ ಢಂ ಅಂತ ಸದ್ದಾಯಿತು. ಲೇಗೋಸ್‌ನವನು ಕೂತೇ ಬಿಟ್ಟ. ಮಧ್ಯಾಹ್ನ ಒಂದು ಗಂಟೆಯ ತೋಪು! ಭಾನುವಾರ ಬಿಟ್ಟು ಹೆಚ್ಚುಕಡಿಮೆ ದಿನಾ ಹಾರಿಸುತ್ತಾರೆ. ಹಡಗಿನವರಿಗೆ ಸಮಯ ತಿಳಿಯಲಿ ಅಂತ ಮೊದಲು ಕಾಲ್ಟನ್ ಗುಡ್ಡದ ಗೋಪುರದಿಂದ ಒಂದು ದೊಡ್ಡ ಚೆಂಡನ್ನು ಬೀಳಿಸುತ್ತಿದ್ದರಂತೆ. ಮಂಜಿನಲ್ಲಿ ಅದು ಕಾಣುತ್ತಿರಲಿಲ್ಲ, ಅದಕ್ಕೇ 1861ರಲ್ಲಿ ತೋಪು ಶುರು ಮಾಡಿದರು. ಅಂದರೆ ಈ ಊರಿಗೆ ತನ್ನ ಹವೆ ಎಂಥದ್ದು ಅಂತ ಚೆನ್ನಾಗಿಯೇ ಗೊತ್ತು.

ಒಳಗೆ ಹೋಗೋಣವೆಂದರೆ ನ್ಯಾಷನಲ್ ಮ್ಯೂಸಿಯಂ ಇದೆ, ಪುಕ್ಕಟೆ. ಗಾಜಿನ ಮಾಡಿನ ದೊಡ್ಡ ಹಜಾರ, ಪಕ್ಷಿ ಪಂಜರದ ಹಾಗೆ ಎತ್ತರ. 1996ರಲ್ಲಿ ಹುಟ್ಟಿದ ಡಾಲಿ ಕುರಿ ಗಾಜಿನೊಳಗೆ ನಿಂತಿದೆ. ಜೀವಕೋಶದಿಂದ ನಕಲು ಮಾಡಿ ಹುಟ್ಟಿಸಿದ ಕುರಿ ನೋಡಬೇಕೆಂದು ನಮ್ಮ ಬಯೋಟೆಕ್ ಓದುವ ಕೊಚ್ಚಿಯವನಿಗೆ ಬಹಳ ಆಸೆ ಇತ್ತು. ನೋಡಿದ ಮೇಲೆ "ಕುರಿ ಥರಾನೇ ಇದೆ" ಅಂದ. ಕಷ್ಟವೇನೆಂದರೆ ಅಲ್ಲಿಗೆ ತಲುಪಲು ಏರುದಾರಿಯಲ್ಲಿ ಕಾಲು ಗಂಟೆ ನಡೆಯಬೇಕು, ಆಮೇಲೆ ಇನ್ನೆಲ್ಲಿಗೆ ಹೋಗಲೂ ಮತ್ತೆ ನಡೆಯಬೇಕು. ಕೋಟೆಗೆ ಟಿಕೆಟ್ ಇದೆ, ಹತ್ತಿದರೂ ಅವತ್ತು ಕಾಣುತ್ತಿದ್ದದ್ದು ಮೋಡವೇ. ಬಿಟ್ಟೆವು.

ರಾತ್ರಿ ಹಾಸ್ಟೆಲ್ಲಿನಲ್ಲಿ ಹೀಟರ್ ಹತ್ತಕ್ಕೆಲ್ಲ ಆರಿಹೋಯಿತು. ಶೂ ಒಳಗೆ ಹಳೆ ಪೇಪರ್ ತುರುಕಿಟ್ಟೆ. ಬೆಳಿಗ್ಗೆ ಪೇಪರ್ ಒದ್ದೆ, ಶೂನೂ ಒದ್ದೆ.

ಇನ್ನು ಗ್ಲಾಸ್ಗೋ. ಅಲ್ಲಿ ಮಳೆ ನಿಜವಾಗಿಯೂ ಜಾಸ್ತಿಯೇ ಇತ್ತು, ಬೆಳಿಗ್ಗೆಯಿಂದ ಒಂದೇ ಸಮ ಜಡಿ. ಆದರೆ ನಾವು ನೆನೆದದ್ದು ಕಡಿಮೆ. ಕ್ವೀನ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದಲೇ ಮಾಡಿನ ಕೆಳಗೆ ಸಬ್‌ವೇ, ಅಂದರೆ ನೆಲದಡಿಯ ರೈಲಿನ, ನಿಲ್ದಾಣಕ್ಕೆ ದಾರಿ. ಆಕಾಶ ನೋಡುವ ಪ್ರಮೇಯವೇ ಇಲ್ಲ.

ಆ ಸಬ್‌ವೇಯ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ. 1896ರಲ್ಲಿ ಶುರುವಾದದ್ದು. ಒಂದೇ ಒಂದು ವೃತ್ತ, 15 ನಿಲ್ದಾಣ. ಒಂದು ಹಳಿ ಗಡಿಯಾರದ ದಿಕ್ಕಿಗೆ, ಇನ್ನೊಂದು ಅದರ ವಿರುದ್ಧ. ಅಷ್ಟೇ. ಇಷ್ಟು ವರ್ಷವಾದರೂ ಒಂದು ಕವಲು ಕೂಡ ಸೇರಿಸಿಲ್ಲ. ಬೋಗಿ ಎಷ್ಟು ಚಿಕ್ಕದೆಂದರೆ ಎದುರು ಕೂತವರ ಮೊಣಕಾಲು ನಮ್ಮದಕ್ಕೆ ತಾಗುತ್ತದೆ, ಲೇಗೋಸ್‌ನವನು ತಲೆ ಬಗ್ಗಿಸಿಯೇ ನಿಂತಿದ್ದ. ತಪ್ಪು ದಿಕ್ಕಿನ ರೈಲು ಹತ್ತಿದರೂ ತೊಂದರೆ ಇಲ್ಲ, ಊರು ಸುತ್ತಿ ಅಲ್ಲಿಗೇ ಬರುತ್ತದೆ. ಪೂರ್ತಿ ಒಂದು ಸುತ್ತಿಗೆ 24 ನಿಮಿಷ. ನಮ್ಮ ಹತ್ತಿರ ದಿನದ ಟಿಕೆಟ್ ಇತ್ತು. ಸುಮ್ನೆ ಒಂದು ಸುತ್ತು ಹೊಡೆದೆವು, ಒಣಗಲು! ಒಳಗೆ ಬೆಚ್ಚಗಿತ್ತು. ಎದುರು ಕೂತ ಅಜ್ಜಿ ನಮ್ಮ ಕೋಟಿನಿಂದ ನೀರು ತೊಟ್ಟಿಕ್ಕುವುದನ್ನು ನೋಡಿ "ಡ್ರೀಖ್" ಅಂದಳು. ಈ ಮುಗಿಯದ ಬೂದು ಮಳೆಯ ಹವೆಗೆ ಇಲ್ಲಿನ ಮಾತು ಅದು. ಎಡಿನ್‌ಬರಾದಲ್ಲಿ ಎರಡು ದಿನ ಇದ್ದರೂ ಅಂಗಡಿಯವರು ಬಿಟ್ಟರೆ ಯಾರೂ ನಮ್ಮನ್ನು ಮಾತಾಡಿಸಿರಲಿಲ್ಲ. ಅಲ್ಲಿ ಓಡಾಡುವವರಲ್ಲಿ ಅರ್ಧಕ್ಕರ್ಧ ನಮ್ಮ ಹಾಗೇ ಬಂದವರು, ಅವರನ್ನೇನು ದೂರುವುದು.

ಹಿಲ್‌ಹೆಡ್‌ನಲ್ಲಿ ಇಳಿದು ಬೊಟಾನಿಕ್ ಗಾರ್ಡನ್‌ಗೆ ಹೋದೆವು. ಅಲ್ಲಿ ಕಿಬಲ್ ಪ್ಯಾಲೇಸ್ ಅಂತ ಒಂದು ಗಾಜಿನ ಮನೆ ಇದೆ. ಯಾರದೋ ಮನೆಯ ಹತ್ತಿರ ಇದ್ದದ್ದನ್ನು ಬಿಚ್ಚಿ ತಂದು 1873ರಲ್ಲಿ ಇಲ್ಲಿ ಕಟ್ಟಿದರಂತೆ. ಒಳಗೆ ಆಳೆತ್ತರದ ಮರಜರಿಗಳು. ತಲೆ ಮೇಲೆ ಗಾಜಿಗೆ ಮಳೆ ಹೊಯ್ಯುವ ಸದ್ದು, ಕೆಳಗೆ ಒದ್ದೆ ಮಣ್ಣಿನ ವಾಸನೆ. ನಾನು ಐದು ನಿಮಿಷ ಯಾರ ಹತ್ತಿರವೂ ಮಾತಾಡಲಿಲ್ಲ. ಹೆಂಚಿನ ಮಾಡಿನ ಸದ್ದು ಬೇರೆ, ಒಪ್ಪಿದೆ. ಆದರೆ ಆ ವಾಸನೆ ನಮ್ಮ ಹಳ್ಳದ ಬದಿಯದ್ದೇ.

ಪಕ್ಕದ ಕೆಲ್ವಿನ್‌ಹಾಲ್ ನಿಲ್ದಾಣದಿಂದ ಕೆಲ್ವಿನ್‌ಗ್ರೋವ್ ಮ್ಯೂಸಿಯಂ ಹತ್ತಿರ. 1901ರದ್ದು, ಇದೂ ಪುಕ್ಕಟೆ. ಚರ್ಮದೊಳಗೆ ತುಂಬಿ ನಿಲ್ಲಿಸಿದ ನಿಜವಾದ ಆನೆಯೊಂದರ ಮೇಲ್ಗಡೆ ಸ್ಪಿಟ್‌ಫೈರ್ ಯುದ್ಧವಿಮಾನ ತೂಗುಹಾಕಿದ್ದಾರೆ. ಯಾಕೆ ಅಂತ ಕೇಳಬೇಡಿ, ಚೆನ್ನಾಗಿದೆ. ಸರಿಯಾಗಿ ಒಂದು ಗಂಟೆಗೆ ಮೇಲಿನ ಮಹಡಿಯ ಆರ್ಗನ್ ವಾದ್ಯ ಶುರುವಾಯಿತು. ಅರ್ಧ ಗಂಟೆ ನುಡಿಸುತ್ತಾರೆ. ಕೆಳಗಿನ ಸ್ವರ ಬಂದಾಗ ಬೆಂಚು ಅದುರಿ, ಒದ್ದೆ ಸಾಕ್ಸಿನೊಳಗಿನ ಕಾಲ್ಬೆರಳಿಗೂ ಗೊತ್ತಾಗುತ್ತಿತ್ತು. ಒಂದು ಗಂಟೆಗೆ ಒಂದೂರಲ್ಲಿ ತೋಪು, ಇನ್ನೊಂದೂರಲ್ಲಿ ಸಂಗೀತ. ಧಾರವಾಡದವಳು ಅಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಸಂಗೀತದ ಊರಿನವಳು ತಲ್ಲೀನಳಾಗಿದ್ದಾಳೆ ಅಂದುಕೊಂಡೆ. ನಿದ್ದೆ ಹೋಗಿದ್ದಳು.

ಊಟದಲ್ಲಿ ಎರಡೂ ಸಮ. ಎಡಿನ್‌ಬರಾದಲ್ಲಿ ಹ್ಯಾಗಿಸ್ ತಿಂದೆವು, ಮಾಮೂಲಿನ ಕುರಿಯ ಒಳಾಂಗದ್ದಲ್ಲ, ಓಟ್ಸ್, ಬೇಳೆ ಹಾಕಿದ ಸಸ್ಯಾಹಾರಿಯದ್ದು, ಕಾಳುಮೆಣಸು ಜಾಸ್ತಿ ಬಿದ್ದ ಮುದ್ದೆ ಉಪ್ಪಿಟ್ಟಿನ ಹಾಗಿತ್ತು. ಗ್ಲಾಸ್ಗೋದಲ್ಲಿ ಮೂಲೆ ಮೂಲೆಗೂ ಪಕೋಡ ಸಿಗುತ್ತದೆ, ಗುಲಾಬಿ ಬಣ್ಣದ ಒಂದು ಸಾಸ್ ಜೊತೆ. ಸಾಸ್ ಬೇಡ, ಪಕೋಡ ಸಾಕು. ಖರ್ಚಿನಲ್ಲಿ ಮಾತ್ರ ಸಮ ಇಲ್ಲ. ಎಡಿನ್‌ಬರಾದಲ್ಲಿ ಹಾಸಿಗೆಗೆ ಕೊಟ್ಟ ದುಡ್ಡಿನಲ್ಲಿ ಗ್ಲಾಸ್ಗೋದಲ್ಲಿ ಮಲಗಿ, ಎರಡು ಹೊತ್ತು ಉಂಡೆವು.

ಗ್ಲಾಸ್ಗೋದ್ದೂ ಒಂದು ತಕರಾರು ಇದೆ. ನಾವು ಹೋದಾಗ ಭಾನುವಾರ ಸಂಜೆ ಆರರ ಹೊತ್ತಿಗೆಲ್ಲ ಸಬ್‌ವೇ ಬಂದ್. ಗೊತ್ತಿರಲಿಲ್ಲ. ಇದ್ದಲ್ಲಿಂದ ಕ್ವೀನ್ ಸ್ಟ್ರೀಟ್ ನಿಲ್ದಾಣದವರೆಗೆ ನಡೆದೇ ಬಂದೆವು, ಎರಡು ದಿನ ಉಳಿಸಿಕೊಂಡಿದ್ದ ಶೂ ಅರ್ಧ ಗಂಟೆಯಲ್ಲಿ ಹೋಯಿತು. ದಾರಿಯಲ್ಲಿ ವೆಲಿಂಗ್ಟನ್ ಡ್ಯೂಕನ ಕುದುರೆ ಪ್ರತಿಮೆ ಸಿಕ್ಕಿತು. ಅವನ ತಲೆ ಮೇಲೆ ರಸ್ತೆ ಕಾಮಗಾರಿಯ ಕೋನ್. ತೆಗೆದಷ್ಟೂ ಸಲ ಊರಿನವರು ಮತ್ತೆ ಇಡುತ್ತಾರೆ. ನಮ್ಮ ನಾಲ್ವರ ನಡುವೆ ನೆಟ್ಟಗಿದ್ದದ್ದು ಒಂದೇ ಛತ್ರಿ. ಅವನ ತಲೆಯಾದರೂ ಒಣಗಿತ್ತು.

ನನ್ನ ಪ್ರಕಾರ ಮಳೆಗೆ ಗ್ಲಾಸ್ಗೋ, ಎರಡು ಮಾತಿಲ್ಲ. ಧಾರವಾಡದವಳು ಒಪ್ಪುವುದಿಲ್ಲ. ಅವಳ ವಾದಕ್ಕೆ ಇರುವುದು ಎಡಿನ್‌ಬರಾದ ಭಾನುವಾರದ ಹತ್ತೇ ಹತ್ತು ನಿಮಿಷ. ಬೆಳಿಗ್ಗೆ ನಾವು ಕಾಲ್ಟನ್ ಗುಡ್ಡ ಹತ್ತಿದ್ದೆವು. ಮೋಡ ಇದ್ದಕ್ಕಿದ್ದಂತೆ ಸರಿಯಿತು. ಒಂದು ಕಡೆ ಕೋಟೆ, ಇನ್ನೊಂದು ಕಡೆ ಆರ್ಥರ್ಸ್ ಸೀಟ್, ಹಿಂದೆ ಸಮುದ್ರ, ಊರಿನ ಮಾಡುಗಳೆಲ್ಲ ಒದ್ದೆಯಾಗಿ ಹೊಳೆಯುತ್ತಿದ್ದವು. ಫೋಟೋ ತೆಗೆಯಲು ನಾನು ಕೈಗವಸು ಬಿಚ್ಚುವಷ್ಟರಲ್ಲಿ ಮತ್ತೆ ಮುಚ್ಚಿಕೊಂಡಿತು. ಹಾಗಾಗಿ ನನ್ನ ಹತ್ತಿರ ಪುರಾವೆಯೂ ಇಲ್ಲ.

ಬರುವ ಶನಿವಾರಕ್ಕೆ ನಾನು ಗ್ಲಾಸ್ಗೋ ಟಿಕೆಟ್ ತೆಗೆದಾಗಿದೆ. ಅವಳು ಇನ್ನೂ ಹವಾಮಾನದ ಆ್ಯಪ್ ನೋಡುತ್ತಾ ಕೂತಿದ್ದಾಳೆ.