ಕಾಫಿ ಲೋಟದ ಸಿಹಿ ಗುಳಿಗೆಗೆ ಬದಲು ಏನು? ನಾಲ್ಕು ತಿಂಗಳ ಹೋಲಿಕೆ

ಆರು ವರ್ಷಗಳಿಂದ ಕಾಫಿಗೆ ಸಕ್ಕರೆ ಹಾಕಿಕೊಂಡಿಲ್ಲ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತಿದ್ದೆ, ಮತ್ತು ಅದು ನಿಜವೇ ಆಗಿತ್ತು. ಈ ಜನವರಿಯಲ್ಲಿ ಒಂದು ದಿನ ಕುಡಿದದ್ದನ್ನೆಲ್ಲ ಚೀಟಿಯಲ್ಲಿ ಬರೆದು ನೋಡಿದಾಗ, ಬೆಳಗಿನ ಎರಡು ಕಾಫಿ, ಕಚೇರಿಯ ಎರಡು ಚಹಾ, ಸಂಜೆಯ ಒಂದು ಕಾಫಿ ಸೇರಿ ಹತ್ತು ಸಿಹಿ ಗುಳಿಗೆಗಳಾಗಿದ್ದವು. ಅದರ ಮೇಲೆ ನಾಲ್ಕು ಗಂಟೆಗೆ ಒಂದು ಕ್ಯಾನ್ ಡಯಟ್ ಕೋಲಾ, ರಾತ್ರಿ ಊಟವಾದ ಮೇಲೆ ಕೃತಕ ಸಿಹಿಯ ಪುಡಿ ಹಾಕಿದ ನಿಂಬೆ ಪಾನಕ. ಸಕ್ಕರೆ ಬಿಟ್ಟಿದ್ದೆ, ಸಿಹಿಯನ್ನು ಬಿಟ್ಟಿರಲಿಲ್ಲ. ಗುಳಿಗೆಯ ದೆಸೆಯಿಂದ ಒಂದು ಲೋಟವೂ ಸಿಹಿಯಿಲ್ಲದೆ ಗಂಟಲಿಗಿಳಿಯುತ್ತಿರಲಿಲ್ಲ. ಊಟದ ನಂತರ ಬಾಯಿ ಏನಾದರೂ ಸಿಹಿ ಬೇಡುತ್ತಿತ್ತು. ಚೆನ್ನಾಗಿ ಕಳಿತ ಏಲಕ್ಕಿ ಬಾಳೆಹಣ್ಣು ಕೂಡ ಸಪ್ಪೆಯೆನಿಸಲು ತೊಡಗಿತ್ತು. ಕಡಿಮೆ ಮಾಡಬೇಕೆಂದು ನನಗೆ ಅನ್ನಿಸಿದ್ದು ಆ ಬಾಳೆಹಣ್ಣಿನಿಂದಲೇ.

ಭಯದಿಂದ ಬಿಡಲು ಹೊರಟವಳು ನಾನಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಡಯಟ್ ಪಾನೀಯಗಳಿಗೆ ಹಾಕುವ ಆಸ್ಪರ್ಟೇಮ್ ಎಂಬ ಕೃತಕ ಸಿಹಿಯನ್ನು ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆ ಇದೆ’ ಎಂಬ 2ಬಿ ಗುಂಪಿಗೆ ಸೇರಿಸಿದಾಗ ನಮ್ಮ ಮನೆಯಲ್ಲೂ ಗಾಬರಿಯಾಗಿತ್ತು. ಆದರೆ ಅದೇ ದಿನ ಆಹಾರ ಸೇರ್ಪಡೆಗಳನ್ನು ಪರಿಶೀಲಿಸುವ ತಜ್ಞರ ಸಮಿತಿಯು, ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಬದಲಿಸಲು ಕಾರಣವಿಲ್ಲವೆಂದಿತು. ನನ್ನ ತೂಕ 62 ಕಿಲೋ. ಅಂದರೆ ನನ್ನ ಮಿತಿ 2,480 ಮಿಲಿಗ್ರಾಂ. ಒಂದು ಕ್ಯಾನ್ ಡಯಟ್ ಪಾನೀಯದಲ್ಲಿ 200ರಿಂದ 300 ಮಿಲಿಗ್ರಾಂ ಇರಬಹುದೆಂದು ಅವರೇ ಲೆಕ್ಕ ಕೊಟ್ಟಿದ್ದರು. ನನಗೆ ಹೆಚ್ಚು ನಾಟಿದ್ದು ಅದೇ ವರ್ಷ ಮೇ ತಿಂಗಳಲ್ಲಿ ಬಂದ ಮತ್ತೊಂದು ಸಲಹೆ: ತೂಕ ಹತೋಟಿಗಾಗಿ ಸಕ್ಕರೆಯೇತರ ಸಿಹಿಗಳನ್ನು ಬಳಸಬೇಡಿ, ಒಟ್ಟಾರೆ ಆಹಾರದ ಸಿಹಿಯನ್ನೇ ಇಳಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಈಗಾಗಲೇ ಮಧುಮೇಹ ಇರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲವೆಂದೂ ಅದರಲ್ಲೇ ಇದೆ. ನನ್ನ ಯಜಮಾನರು ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಯವರು. ಅವರ ಲೋಟಕ್ಕೆ ಗುಳಿಗೆ ಈಗಲೂ ಬೀಳುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ನನ್ನದು ಗಡಿಯಲ್ಲಿರುವ ದೇಹ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಸೂಚಿಸುವ ಎಚ್‌ಬಿಎ1ಸಿ 6.0 ಬಂದಿತ್ತು, 5.7ರಿಂದ 6.4ರವರೆಗಿನದನ್ನು ಮಧುಮೇಹಪೂರ್ವ ಸ್ಥಿತಿ ಎನ್ನುತ್ತಾರೆ. ಆದ್ದರಿಂದ ಗುಳಿಗೆ ಬಿಟ್ಟು ಮತ್ತೆ ಸಕ್ಕರೆಯ ಡಬ್ಬಿಗೆ ಕೈಹಾಕುವ ದಾರಿ ನನಗೆ ಮುಚ್ಚಿತ್ತು.

ಒಂದೊಂದು ಪರ್ಯಾಯಕ್ಕೂ ಕನಿಷ್ಠ ಎರಡು ವಾರ ಕೊಡಬೇಕೆಂದುಕೊಂಡೆ. ಅದೇ ಹಾಲು, ಅದೇ ಲೋಟ, ಆರಂಭದಲ್ಲಿ ಅದೇ ಕಾಫಿಪುಡಿ.

ಮೊದಲು ಹಿಡಿದದ್ದು ಸ್ಟೀವಿಯಾ, ಏಕೆಂದರೆ ಅದು ಗಿಡದಿಂದ ಬಂದದ್ದು ಎಂಬ ಸಮಾಧಾನವಿತ್ತು. ಮೂಲತಃ ಪರಾಗ್ವೆ ಕಡೆಯ ಗಿಡ, ಈಗ ನಮ್ಮ ನರ್ಸರಿಗಳಲ್ಲೂ ಸಿಗುತ್ತದೆ. ಆದರೆ ಅಂಗಡಿಯಿಂದ ತಂದ ಪೊಟ್ಟಣದ ಹಿಂಬದಿ ಓದಿದಾಗ ಮೊದಲ ಹೆಸರು ಎರಿಥ್ರಿಟಾಲ್ ಎಂಬ ಬೇರೊಂದು ಸಿಹಿಯದಾಗಿತ್ತು, ಸ್ಟೀವಿಯಾದ ಸಾರ ಕೊನೆಯಲ್ಲಿತ್ತು. ಆ ಸಾರ ಸಕ್ಕರೆಗಿಂತ ಇನ್ನೂರು ಮುನ್ನೂರು ಪಟ್ಟು ಸಿಹಿಯಾದ್ದರಿಂದ ಚಿಟಿಕೆಯ ಚೂರು ಸಾಕು, ಉಳಿದದ್ದೆಲ್ಲ ಚಮಚ ತುಂಬಿಸುವ ಸರಕು. ಕಾಫಿಯಲ್ಲಿ ಅದರ ಸಿಹಿ ತಡವಾಗಿ ಬಂದು ತಡವಾಗಿ ಹೋಗುತ್ತದೆ. ಲೋಟ ತೊಳೆದಿಟ್ಟ ಮೇಲೂ ನಾಲಗೆಯ ಹಿಂಭಾಗದಲ್ಲಿ ಜ್ಯೇಷ್ಠಮಧುವಿನಂಥ ಕಹಿಸಿಹಿ ಕುಳಿತಿರುತ್ತದೆ. ನಿಂಬೆ ಪಾನಕದಲ್ಲಿ ಮಾತ್ರ ಹುಳಿ ಅದನ್ನು ಮುಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಲ್ಲಿ ಸ್ಟೀವಿಯಾ ಕೂಡ ಸೇರಿದೆ. ಹದಿನೈದನೆಯ ದಿನ ನಾನು ಎಲ್ಲಿದ್ದೆನೋ ಅಲ್ಲೇ ಇದ್ದೆ: ಪ್ರತಿ ಲೋಟವೂ ಸಿಹಿ, ಊಟದ ನಂತರದ ಬಯಕೆಯೂ ಹಾಗೆಯೇ.

ಎರಡನೆಯದು ಬೆಲ್ಲ. ಇದನ್ನು ಎಲ್ಲರೂ ಪ್ರೀತಿಯಿಂದ ಸೂಚಿಸಿದರು, ನನಗೂ ಪ್ರೀತಿಯಿತ್ತು. ಹಾಲಿಲ್ಲದ ಬೆಲ್ಲದ ಕಾಫಿಯ ಘಮಕ್ಕೆ ಸಮನಾದದ್ದು ಈ ಪಟ್ಟಿಯಲ್ಲಿ ಇನ್ನೊಂದಿಲ್ಲ. ಹಾಲು ಹಾಕುವವರು ಬೆಲ್ಲವನ್ನು ಡಿಕಾಕ್ಷನ್‌ನಲ್ಲಿ ಕರಗಿಸಿಕೊಂಡು, ಹಾಲನ್ನು ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಬೆರೆಸಬೇಕು, ಇಲ್ಲವಾದರೆ ಹಾಲು ಒಡೆಯುವುದುಂಟು. ನನ್ನದು ಎರಡು ಸಲ ಒಡೆಯಿತು. ಆದರೆ ಅಡುಗೆಮನೆಯ ತಕ್ಕಡಿಯ ಮೇಲೆ ಬೆಲ್ಲದ ಪುಡಿ ತೂಗಿ ನೋಡಿದ ದಿನ ಪ್ರೀತಿಗೆ ಲೆಕ್ಕ ಎದುರಾಯಿತು. ನನ್ನ ನಾಲಗೆ ಒಪ್ಪುವಷ್ಟು ಸಿಹಿಗೆ ಲೋಟವೊಂದಕ್ಕೆ 9 ಗ್ರಾಂ ಬೇಕಾಯಿತು. ಐದು ಲೋಟಕ್ಕೆ 45 ಗ್ರಾಂ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣದ ಅಂಶವೂ ಖನಿಜಗಳೂ ಇವೆ, ನಿಜ. ಆದರೆ ಅದರ ಬಹುಪಾಲು ಸುಕ್ರೋಸ್, ಅಂದರೆ ಸಕ್ಕರೆಯೇ, ಮತ್ತು ರಕ್ತಕ್ಕೆ ಸೇರುವಾಗ ಅದು ಸಕ್ಕರೆಯಂತೆಯೇ ನಡೆದುಕೊಳ್ಳುತ್ತದೆ. ಮಧುಮೇಹದ ಗಡಿಯಲ್ಲಿರುವವರಿಗೆ ‘ಬೆಲ್ಲ ಒಳ್ಳೆಯದು, ಎಷ್ಟು ಬೇಕಾದರೂ ತಿನ್ನಿ’ ಎಂದು ಹೇಳುವವರನ್ನು ಕಂಡರೆ ನನಗೆ ಈಗ ಬೇಸರವಾಗುತ್ತದೆ. ಹಬ್ಬದ ದಿನದ ಒಂದು ಲೋಟಕ್ಕೆ ಬೆಲ್ಲ ನಮ್ಮ ಮನೆಯಲ್ಲಿ ಉಳಿದಿದೆ.

ಮೂರನೆಯ ಪ್ರಯತ್ನ, ಒಂದೇ ಏಟಿಗೆ ಎಲ್ಲವನ್ನೂ ನಿಲ್ಲಿಸುವುದು. ಅದು ಐದು ದಿನ ನಡೆಯಿತು. ಕಾಫಿ ಔಷಧದಂತಿತ್ತು, ಆರನೆಯ ದಿನ ಸಂಜೆ ಎರಡರ ಬದಲು ಮೂರು ಗುಳಿಗೆ ಹಾಕಿಕೊಂಡೆ.

ಆ ಐದು ದಿನಗಳಲ್ಲಿ ಒಂದು ಉಪಕಾರವಾಯಿತು. ಮನೆಗೆ ಬಂದಿದ್ದ ನಮ್ಮ ಅತ್ತಿಗೆ ನನ್ನ ಸಪ್ಪೆ ಕಾಫಿಯ ರುಚಿ ನೋಡಿ, “ಇದಕ್ಕೆ ಸಕ್ಕರೆ ಕಡಿಮೆಯಾದದ್ದಲ್ಲ, ನಿನ್ನ ಡಿಕಾಕ್ಷನ್ನೇ ಕಹಿ ಮಾರಾಯ್ತಿ” ಎಂದರು. ಅವರು ಹೇಳಿದ್ದನ್ನು ನಾನು ಎಷ್ಟು ವರ್ಷಗಳಿಂದ ಗಮನಿಸಿರಲಿಲ್ಲ! ನಮ್ಮ ಮನೆಯಲ್ಲಿ ಬರುತ್ತಿದ್ದದ್ದು ಅರವತ್ತು ನಲವತ್ತರ ಪುಡಿ, ಅಂದರೆ ನೂರಕ್ಕೆ ನಲವತ್ತು ಭಾಗ ಚಿಕೋರಿ. ಕಾನೂನಿನಂತೆ ಮಿಶ್ರಣದಲ್ಲಿ ಕಾಫಿ 51 ಭಾಗಕ್ಕಿಂತ ಕಡಿಮೆ ಇರಬಾರದು, ಅಷ್ಟೇ. ಚಿಕೋರಿ ಡಿಕಾಕ್ಷನ್‌ಗೆ ಮಂದವನ್ನೂ ಕಪ್ಪು ಬಣ್ಣವನ್ನೂ ಕೊಡುತ್ತದೆ, ಜೊತೆಗೆ ತನ್ನದೇ ಒಂದು ಕಹಿಯನ್ನೂ ಸೇರಿಸುತ್ತದೆ. ಆ ಕಹಿಯನ್ನು ಅಡಗಿಸಲು ಸಿಹಿ ಬೇಕು. ನಾನು ಪುಡಿ ಮಾಡಿಸುವ ಅಂಗಡಿಗೆ ಹೋಗಿ, ರೊಬಸ್ಟಾ ಬೇಡ, ಅರೇಬಿಕಾ ಬೀಜವೇ ಇರಲಿ, ಹದವಾಗಿ ಹುರಿದದ್ದು, ಚಿಕೋರಿ ಹತ್ತೇ ಭಾಗ ಎಂದು ಕೇಳಿದೆ. ಅಂಗಡಿಯವರು ಬೀಜವನ್ನು ಅಂಗೈಯಲ್ಲಿಟ್ಟು ತೋರಿಸಿದರು: ಹಳೆಯದು ಎಣ್ಣೆ ಬಿಟ್ಟು ಮಿರುಗುವ ಕಪ್ಪು, ಹೊಸದು ಒಣಗಿದ ದಾಲ್ಚಿನ್ನಿಗಿಂತ ತುಸು ಗಾಢ ಕಂದು. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುವುದೂ ಅದರ ಕಹಿಗೆ ಒಂದು ಕಾರಣ.

ಹೀಗೆ ನಾಲ್ಕನೆಯ ಪ್ರಯತ್ನದಲ್ಲಿ ಎರಡು ಕೆಲಸ ಒಟ್ಟಿಗೆ ನಡೆದವು. ಪುಡಿ ಬದಲಾಯಿತು, ಗುಳಿಗೆ ಮೆಲ್ಲಗೆ ಇಳಿಯಿತು. ಎರಡು ಇದ್ದದ್ದು ಹತ್ತು ದಿನ ಒಂದೂವರೆ, ಮುಂದಿನ ಹತ್ತು ದಿನ ಒಂದು, ಆಮೇಲೆ ಅರ್ಧ. ಗುಳಿಗೆಯನ್ನು ಅರ್ಧ ಮಾಡುವುದು ಸುಲಭವಲ್ಲ, ಉಗುರಿಗಿಂತ ಚಿಕ್ಕದು, ಚಾಕು ತಾಗಿಸಿದರೆ ಪುಡಿಯಾಗಿ ಹಾರುತ್ತದೆ. ಒಂದು ಗುಳಿಗೆಯನ್ನು ಎರಡು ಚಮಚ ಬಿಸಿನೀರಿನಲ್ಲಿ ಕರಗಿಸಿ ಒಂದು ಚಮಚ ನನಗೆ, ಒಂದು ಯಜಮಾನರಿಗೆ ಎಂದು ಹಂಚಿಕೊಂಡೆವು. ಫಿಲ್ಟರಿನಲ್ಲೂ ಒಂದು ಬದಲಾವಣೆ ಮಾಡಿದೆ: ಕುದಿಯುವ ನೀರನ್ನು ನೇರವಾಗಿ ಸುರಿಯದೆ, ಒಲೆಯಿಂದ ಇಳಿಸಿ ಒಂದು ನಿಮಿಷ ಬಿಟ್ಟು ಹಾಕತೊಡಗಿದೆ, ಮೊದಲು ಇಳಿದ ಡಿಕಾಕ್ಷನ್ ಮಾತ್ರ ಬಳಸಿ, ಅದೇ ಪುಡಿಗೆ ಮತ್ತೆ ನೀರು ಹಾಕುವ ರೂಢಿಯನ್ನು ಬಿಟ್ಟೆ. ಎರಡನೆಯ ಇಳಿತದಲ್ಲಿ ಘಮ ಕಡಿಮೆ, ಕಹಿ ಹೆಚ್ಚು.

ಐದನೆಯ ವಾರದ ಒಂದು ಬೆಳಿಗ್ಗೆ ನಡೆದದ್ದನ್ನು ಬರೆಯಲೇಬೇಕು. ಅರ್ಧ ಗುಳಿಗೆಯ ನೀರು ಹಾಕುವುದನ್ನು ಮರೆತು ಕುಡಿದಿದ್ದೆ, ಲೋಟ ಅರ್ಧವಾಗುವವರೆಗೂ ಗೊತ್ತಾಗಲಿಲ್ಲ. ಮೇಲೆ ನೊರೆ, ನೊರೆಯ ಕೆಳಗೆ ಹಾಲಿನದೇ ಒಂದು ತೆಳುವಾದ ಸಿಹಿ. 100 ಮಿಲಿಲೀಟರ್ ಹಾಲಿನಲ್ಲಿ ಸುಮಾರು 5 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಅದು ಸಕ್ಕರೆಗಿಂತ ಬಹಳ ಕಡಿಮೆ ಸಿಹಿಯಾದರೂ ಸಿಹಿಯೇ. ಸಕ್ಕರೆಗಿಂತ 600 ಪಟ್ಟು ಸಿಹಿಯಾದ, ಗುಳಿಗೆಯಲ್ಲಿದ್ದ ಸುಕ್ರಲೋಸ್‌ಗೆ ಒಗ್ಗಿದ ನಾಲಗೆಗೆ ಅದು ಆರು ವರ್ಷ ಕೇಳಿಸಿರಲಿಲ್ಲ. ಕಾಫಿಯ ಮಟ್ಟಿಗೆ ನನ್ನ ತೀರ್ಮಾನ ಅಂದೇ ಆಯಿತು.

ಕೋಲಾದ ಕಥೆ ಬೇರೆ. ಅಲ್ಲಿ ಮೆಲ್ಲಗೆ ಇಳಿಸುವ ಉಪಾಯವಿಲ್ಲ, ಕ್ಯಾನ್ ತೆರೆದರೆ ಸಿಹಿ ಅಷ್ಟೇ ಇರುತ್ತದೆ. ಬದಲಿಗೆ ಮೂರನ್ನು ಪ್ರಯತ್ನಿಸಿದೆ: ಮಜ್ಜಿಗೆ, ಉಪ್ಪು ಹಾಕಿದ ನಿಂಬೆ ಸೋಡಾ, ಪುನರ್ಪುಳಿ (ಕೋಕಂ). ಮಜ್ಜಿಗೆಗೆ ಶುಂಠಿ, ಕರಿಬೇವು, ಇಂಗು ಹಾಕಿ ಬಾಟಲಿಯಲ್ಲಿ ಒಯ್ದೆ. ಆರೋಗ್ಯಕ್ಕೆ ಇದೇ ಮೇಲು, ಆದರೆ ಮಧ್ಯಾಹ್ನ ನಾಲ್ಕಕ್ಕೆ ಅದು ನಿದ್ದೆ ತರುತ್ತಿತ್ತು, ಕಚೇರಿಯಲ್ಲಿ ಫ್ರಿಜ್ ಇಲ್ಲದೆ ಹುಳಿಯೂ ಬರುತ್ತಿತ್ತು. ನಿಂಬೆ ಸೋಡಾ ಮೊದಲ ದಿನದಿಂದಲೇ ಹಿಡಿಸಿತು, ಏಕೆಂದರೆ ಕೋಲಾದಲ್ಲಿ ನನಗೆ ಬೇಕಿದ್ದದ್ದು ತಂಪು, ಗಂಟಲು ಚುರುಗುಟ್ಟಿಸುವ ಗ್ಯಾಸ್ ಮತ್ತು ಕೆಫೀನ್ ಎಂಬುದು ಆಗ ತಿಳಿಯಿತು. ಮೊದಲೆರಡು ಸೋಡಾದಲ್ಲಿ ಸಿಕ್ಕವು, ಮೂರನೆಯದಕ್ಕೆ ನಾಲ್ಕು ಗಂಟೆಗೇ ಸಣ್ಣ ಲೋಟ ಕಾಫಿ ಕುಡಿದೆ. ಆದರೆ ದಿನವೂ ಉಪ್ಪು ಸೇರುವುದರಿಂದ ರಕ್ತದೊತ್ತಡ ಇರುವವರು ಇದನ್ನು ಅನುಸರಿಸುವಂತಿಲ್ಲ. ನಾನೇ ಉಪ್ಪನ್ನು ಚಿಟಿಕೆಯ ಅರ್ಧಕ್ಕೆ ಇಳಿಸಿ, ಜೀರಿಗೆ ಪುಡಿ ಹೆಚ್ಚಿಸಿದ್ದೇನೆ.

ಪುನರ್ಪುಳಿಯ ಸಿಪ್ಪೆ ತವರಿನಿಂದ ಬಂತು, ಪುತ್ತೂರಿನ ಕಡೆಯದು. ರಾತ್ರಿ ಐದಾರು ಒಣ ಸಿಪ್ಪೆ ನೀರಿಗೆ ಹಾಕಿಟ್ಟರೆ ಬೆಳಿಗ್ಗೆ ದಾಸವಾಳದ ಬಣ್ಣ. ನಾನು ಬಾಲ್ಯದಿಂದ ಕಂಡ ಪುನರ್ಪುಳಿ ಶರಬತ್ತಿನಲ್ಲಿ ಹಣ್ಣಿನಷ್ಟೇ ಸಕ್ಕರೆ, ಆದ್ದರಿಂದ ಸಿಹಿಯಿಲ್ಲದೆ ಹೇಗೆ ಎಂದು ಅಮ್ಮನಿಗೆ ಫೋನ್ ಮಾಡಿದೆ. “ಸಕ್ಕರೆ ಬೇಕೂಂತ ಯಾರು ಹೇಳಿದ್ದು ನಿಂಗೆ? ಊಟಕ್ಕೆ ಸಾರು ಮಾಡಿ ಕುಡಿಯುದಿಲ್ವಾ?” ಎಂದರು. ಹೌದಲ್ಲ! ಹಸಿಮೆಣಸು, ಜೀರಿಗೆ, ಚೂರು ಉಪ್ಪು ಸೇರಿಸಿ ಸಾರಿನ ತೆಳುವಿಗೆ ತಂದು ತಣ್ಣಗೆ ಕುಡಿದೆ. ರಾತ್ರಿಯ ನಿಂಬೆ ಪಾನಕದ ಜಾಗವನ್ನು ಅದು ಪೂರ್ತಿ ತೆಗೆದುಕೊಂಡಿದೆ, ಮತ್ತು ಊಟದ ನಂತರದ ಸಿಹಿಯ ಬಯಕೆ ನಿಂತದ್ದು ಅದರಿಂದ ಎಂದೇ ನನ್ನ ನಂಬಿಕೆ.

ಅಮ್ಮ ಸಿಪ್ಪೆಯ ಜೊತೆ ಕಷಾಯದ ಪುಡಿಯನ್ನೂ ಕಳಿಸಿದ್ದರು. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಶುಂಠಿ, ಜೊತೆಗೆ ಜ್ಯೇಷ್ಠಮಧು. ಸಿಹಿ ಹಾಕದಿದ್ದರೂ ಅದು ಸಿಹಿ! ಗುಳಿಗೆಗೆ ಇದೇ ಉತ್ತರವೆಂದು ದಿನಕ್ಕೆ ಮೂರು ಲೋಟ ಕುಡಿಯಲಾರಂಭಿಸಿದ್ದೆ. ಆದರೆ ಆ ಸಿಹಿ ಬರುವುದು ಗ್ಲಿಸಿರೈಜಿನ್ ಎಂಬ ಅಂಶದಿಂದ, ಮತ್ತು ಅದನ್ನು ಬಹುಕಾಲ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ದೇಹದ ಪೊಟ್ಯಾಸಿಯಂ ಇಳಿಯುತ್ತದೆ. ಕೆಮ್ಮು ಬಂದಾಗ ಎರಡು ದಿನ ಕುಡಿಯುವ ಬೇರು ಅದು, ಕಾಫಿಯ ಬದಲಿಗೆ ದಿನವೂ ಕುಡಿಯುವ ಪಾನೀಯವಲ್ಲ. ಜ್ಯೇಷ್ಠಮಧು ಬಿಟ್ಟು, ಸೋಂಪು ಸ್ವಲ್ಪ ಸೇರಿಸಿ ಈಗ ನಾನೇ ಪುಡಿ ಮಾಡಿಕೊಳ್ಳುತ್ತೇನೆ. ಬಿಸಿ ಹಾಲಿಗೆ ಅದನ್ನು ಹಾಕಿದರೆ ಸಿಹಿಯ ನೆನಪೇ ಬರುವುದಿಲ್ಲ.

ಸೋತಿರುವುದು ಚಹಾದಲ್ಲಿ. ಕಚೇರಿಯ ಚಹಾವನ್ನು ಸೊಪ್ಪು, ನೀರು, ಹಾಲು ಎಲ್ಲ ಒಟ್ಟಿಗೆ ಹಾಕಿ ಬಹಳ ಹೊತ್ತು ಕುದಿಸಿರುತ್ತಾರೆ. ಅದರ ಒಗರಿಗೆ ಸಿಹಿಯಿಲ್ಲದೆ ಬಾಯಿ ಒಡ್ಡಲಾಗದು. ಅಲ್ಲಿ ಪುಡಿ ಬದಲಿಸುವ ಅಧಿಕಾರ ನನಗಿಲ್ಲ. ಶುಂಠಿ ಜಜ್ಜಿ ಹಾಕಿಕೊಂಡೆ, ಏಲಕ್ಕಿ ಒಯ್ದೆ, ಹಾಲು ಹೆಚ್ಚು ಕೇಳಿದೆ, ಒಂದೂ ಸಾಕಾಗಲಿಲ್ಲ. ಹಾಗಾಗಿ ದಿನಕ್ಕೆ ಹತ್ತಿದ್ದ ಗುಳಿಗೆ ಈಗ ಎರಡಕ್ಕೆ ನಿಂತಿದೆ, ಎರಡೂ ಆ ಚಹಾದ ಪಾಲು. ಕಳೆದ ಸೋಮವಾರದಿಂದ ಚಿಕ್ಕ ಫ್ಲಾಸ್ಕಿನಲ್ಲಿ ಮನೆಯ ಕಾಫಿಯನ್ನೇ ಒಯ್ಯುತ್ತಿದ್ದೇನೆ. ಹನ್ನೊಂದು ಗಂಟೆಗೆ ಅದರ ಘಮ ಮಾಯವಾಗಿರುತ್ತದೆ, ಆದ್ದರಿಂದ ನಾಳೆ ಡಿಕಾಕ್ಷನ್ ಬೇರೆ, ಬಿಸಿ ಹಾಲು ಬೇರೆ ಒಯ್ದು ನೋಡಬೇಕೆಂದಿದ್ದೇನೆ.